ಉಪವಾಸಕ್ಕೆ ತಕ್ಕಡಿ ಬೇಡ

ಕಳೆದ ಭಾದ್ರಪದದ ಮಾತು. ದಶಲಕ್ಷಣ ಪರ್ವದ ಹತ್ತು ದಿನವೂ ಆಹಾರ ತ್ಯಜಿಸಿದ್ದ ತರುಣನೊಬ್ಬನನ್ನು ಬಸದಿಯ ಸಭೆಯಲ್ಲಿ ಸನ್ಮಾನಿಸಲಾಯಿತು. ಆತ ಬೆಳಗಾವಿ ಜಿಲ್ಲೆಯ ಒಕ್ಕಲು ಮನೆತನದ ಹುಡುಗ. ಬೆಂಗಳೂರಿನ ಕಚೇರಿಯೊಂದರಲ್ಲಿ ಗಣಕಯಂತ್ರದ ಮುಂದೆ ಕುಳಿತು ದುಡಿಯತೊಡಗಿ ನಾಲ್ಕು ವರ್ಷಗಳಾಗಿದ್ದವು. ಶಾಲು ಹೊದಿಸಿದ ಮೇಲೆ ಎರಡು ಮಾತನಾಡುವಂತೆ ಕೇಳಿಕೊಂಡಾಗ ಆತ ಸಂಕೋಚದಿಂದಲೇ ಹೇಳಿದ: "ಹತ್ತು ದಿನದಲ್ಲಿ ಏಳು ಕಿಲೋ ಇಳಿದಿದ್ದೇನೆ. ಕುಳಿತು ಕೆಲಸ ಮಾಡುವ ನಮ್ಮಂಥವರಿಗೆ ಬೊಜ್ಜು ಕರಗಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ." ಸಭೆ ಚಪ್ಪಾಳೆ ತಟ್ಟಿತು. ವೇದಿಕೆಯ ಮೇಲಿದ್ದ ನಾನೂ ತಟ್ಟಿದೆ. ಆ ಚಪ್ಪಾಳೆಗೆ ಪ್ರಾಯಶ್ಚಿತ್ತವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಆ ತರುಣನನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆತ ತನಗೆ ತಿಳಿದುದನ್ನು ಪ್ರಾಮಾಣಿಕವಾಗಿ ಹೇಳಿದ. ಆತನಿಗೆ ಹಾಗೆ ತಿಳಿಯುವಂತೆ ಮಾಡಿದವರು ನಾವು. ಉಪವಾಸದ ಫಲವನ್ನು ಕಿಲೋಗಳಲ್ಲಿ ಹೇಳಿದಾಗ ಹಿಗ್ಗುವವರು ನಾವು. ಪಾಶ್ಚಾತ್ಯ ವೈದ್ಯರು ದಿನದಲ್ಲಿ ಹದಿನಾರು ಗಂಟೆ ಉಣ್ಣದಿರುವ ಪದ್ಧತಿಯನ್ನು ಕುರಿತು ಬರೆದರೆ, "ನೋಡಿ, ನಮ್ಮ ರಾತ್ರಿಭೋಜನತ್ಯಾಗವನ್ನು ಅವರು ಈಗ ಕಂಡುಕೊಂಡರು" ಎಂದು ಎದೆಯುಬ್ಬಿಸುವವರೂ ನಾವೇ. ಈ ಹೆಮ್ಮೆಯಲ್ಲಿ ನಮ್ಮ ವ್ರತಗಳನ್ನು ನಾವೇ ಕೈಯಾರೆ ಅಗ್ಗವಾಗಿಸುತ್ತಿದ್ದೇವೆಂಬುದು ನನ್ನ ಮೊದಲ ಆಕ್ಷೇಪ. ಬೊಜ್ಜಿಗೆ ನಿಜವಾಗಿ ಮದ್ದಾಗಬಲ್ಲ ಮತ್ತೊಂದು ತಪಸ್ಸನ್ನು ಅದೇ ವೇಳೆಗೆ ಮರೆತು ಕುಳಿತಿದ್ದೇವೆಂಬುದು ಎರಡನೆಯದು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಬಾಹ್ಯ ತಪಗಳನ್ನು ಎಣಿಸಿದ್ದಾರೆ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಈ ಆರರಲ್ಲಿ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು. ಅವುಗಳಲ್ಲಿ ನಮ್ಮ ಸಮಾಜಕ್ಕೆ ಇಂದು ಪರಿಚಿತವಾಗಿ ಉಳಿದಿರುವುದು ಮೊದಲನೆಯದೊಂದೇ. ಅನಶನಕ್ಕೆ ಶಾಲು ಉಂಟು, ಸಭೆ ಉಂಟು, ಭಾವಚಿತ್ರ ಉಂಟು. ಹೊಟ್ಟೆ ತುಂಬುವ ಮೊದಲೇ ಎಲೆಯಿಂದ ಎದ್ದವನಿಗೆ ಶಾಲು ಹೊದಿಸಿದ್ದನ್ನು ಯಾರಾದರೂ ಕಂಡಿದ್ದೀರಾ? ಅವಮೌದರ್ಯವೆಂದರೆ ಅದೇ.

ಈ ಸೂತ್ರಕ್ಕೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬರೆದ ವ್ಯಾಖ್ಯಾನವನ್ನು ತೆರೆದು ನೋಡಬೇಕು. ಅನಶನವನ್ನು ಕಣ್ಣಿಗೆ ಕಾಣುವ ಫಲದ ಅಪೇಕ್ಷೆಯಿಲ್ಲದೆ ಆಚರಿಸಬೇಕೆಂದು ಅವರು ಸ್ಪಷ್ಟವಾಗಿ ಹೇಳುತ್ತಾರೆ. ಸಂಯಮದ ಸಿದ್ಧಿ, ರಾಗದ ಛೇದ, ಕರ್ಮದ ನಾಶ, ಧ್ಯಾನ ಮತ್ತು ಆಗಮಗಳ ಪ್ರಾಪ್ತಿ ಇವೇ ಅದರ ಪ್ರಯೋಜನಗಳು. ತಕ್ಕಡಿಯ ಮುಳ್ಳಿಗಿಂತ ಹೆಚ್ಚು ಕಣ್ಣಿಗೆ ಕಾಣುವ ಫಲ ಮತ್ತಾವುದಿದೆ? ಅದೇ ಆಚಾರ್ಯರು ಅವಮೌದರ್ಯದ ಪ್ರಯೋಜನಗಳನ್ನು ಹೇಳುವಾಗ ಸಂಯಮದಲ್ಲಿ ಎಚ್ಚರ, ಸಂತೋಷ, ಸ್ವಾಧ್ಯಾಯದ ಸೌಕರ್ಯ ಇವುಗಳೊಡನೆ ದೋಷಗಳ ಶಮನವನ್ನೂ ಸೇರಿಸಿದ್ದಾರೆ. ಆ ದೋಷಗಳನ್ನು ವಾತಪಿತ್ತಾದಿಗಳೆಂದು ಅರ್ಥಮಾಡುವುದುಂಟು. ಅಂದರೆ ದೇಹದ ಸ್ವಾಸ್ಥ್ಯಕ್ಕೆ ಜೈನ ತಪಸ್ಸಿನಲ್ಲಿ ಸ್ಥಾನವೇ ಇಲ್ಲವೆಂದಲ್ಲ. ಸ್ಥಾನವಿದೆ, ಆದರೆ ಅದು ನಾವು ಹುಡುಕುತ್ತಿರುವ ಕೋಣೆಯಲ್ಲಿಲ್ಲ, ಪಕ್ಕದ ಕೋಣೆಯಲ್ಲಿದೆ.

ಬೊಜ್ಜು ಇಳಿಸಲೆಂದು ಉಪವಾಸ ಕೈಗೊಳ್ಳುವುದನ್ನು ಶಾಸ್ತ್ರದ ಭಾಷೆಯಲ್ಲಿ ಏನೆನ್ನಬೇಕು? ವ್ರತಿಯಾದವನು ನಿಶ್ಶಲ್ಯನಾಗಿರಬೇಕು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಮುಳ್ಳುಗಳೂ ಅವನಲ್ಲಿ ನಾಟಿಕೊಂಡಿರಬಾರದು. ನಿದಾನವೆಂದರೆ ವ್ರತಕ್ಕೆ ಪ್ರತಿಯಾಗಿ ಲೌಕಿಕ ಭೋಗವನ್ನು ಬಯಸುವುದು. ಸ್ವರ್ಗದ ಭೋಗವನ್ನು ಬಯಸಿ ತಪಸ್ಸು ಮಾಡಿದವನ ಕಥೆಯನ್ನು ನಮ್ಮ ಪುರಾಣಗಳಲ್ಲಿ ಓದಿ ಮರುಗುತ್ತೇವೆ. ನಡುವಿನ ಸುತ್ತಳತೆಯನ್ನು ಬಯಸಿ ತಪಸ್ಸು ಮಾಡಿದವನಿಗೆ ಚಪ್ಪಾಳೆ ತಟ್ಟುತ್ತೇವೆ. ಬಯಕೆಯ ಗಾತ್ರ ಕಿರಿದಾಯಿತೆಂಬುದನ್ನು ಬಿಟ್ಟರೆ ಇವೆರಡರ ನಡುವೆ ಭೇದವೇನು? ಅನೇಕ ಪ್ರತಿಮೆಗಳಲ್ಲಿ ನಾವು ವಂದಿಸುವ ಕಾಯೋತ್ಸರ್ಗವು ದೇಹದ ಮೇಲಿನ ಮಮಕಾರವನ್ನು ಬಿಡುವ ನಿಲುವು. ಬೆಳಿಗ್ಗೆ ಸಂಜೆ ತಕ್ಕಡಿಯ ಮೇಲೆ ನಿಲ್ಲುವ ನಿಲುವು ಅದಕ್ಕೆ ತೀರ ವಿರುದ್ಧವಾದುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಧರ್ಮಕ್ಕೆಂದು ಮಾಡಿದಾಗ ದೇಹಕ್ಕೂ ಒಳಿತಾದರೆ ತಪ್ಪೇನು?" ಏನೂ ತಪ್ಪಿಲ್ಲ. ಧಾನ್ಯಕ್ಕಾಗಿ ಬಿತ್ತಿದವನಿಗೆ ಹುಲ್ಲೂ ದೊರೆಯುತ್ತದೆಯೆಂಬುದು ನಮ್ಮ ಹಿರಿಯರ ಹಳೆಯ ದೃಷ್ಟಾಂತ. ಹುಲ್ಲಿಗಾಗಿಯೇ ಬಿತ್ತಿ, ಹುಲ್ಲನ್ನೇ ಹೊರೆಕಟ್ಟಿ ಬಸದಿಯ ಅಂಗಳಕ್ಕೆ ತಂದು, ಇದೇ ಸುಗ್ಗಿ ಎಂದು ಸಾರುವುದು ತಪ್ಪು. ಇನ್ನೊಂದು ಮಾತು: ರಾತ್ರಿಭೋಜನತ್ಯಾಗವು ಕತ್ತಲಲ್ಲಿ ಕಣ್ಣಿಗೆ ಬೀಳದ ಜೀವಿಗಳ ಮೇಲಿನ ದಯೆಯಿಂದ ಹುಟ್ಟಿದ ನಿಯಮ. ಅದನ್ನು ಪ್ರಯೋಗಶಾಲೆಯ ಬಲದ ಮೇಲೆ ನಿಲ್ಲಿಸಿದರೆ, ನಾಳೆ ಬೇರೊಂದು ಪ್ರಯೋಗಶಾಲೆ ರಾತ್ರಿಯ ಊಟವೇ ಹಿತವೆಂದಾಗ ಏನು ಮಾಡುವಿರಿ? ಅಹಿಂಸೆ ಯಾರ ಪ್ರಮಾಣಪತ್ರಕ್ಕೂ ಕಾಯುವುದಿಲ್ಲ.

ಶಾಸ್ತ್ರದ ಮಾತನ್ನು ಬದಿಗಿಟ್ಟು ಕೇವಲ ಲೆಕ್ಕಾಚಾರ ನೋಡೋಣ. ಆ ಉಪಾಯ ದೇಹಶಾಸ್ತ್ರದ ದೃಷ್ಟಿಯಿಂದಲಾದರೂ ಸರಿಯೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ಪ್ರಮಾಣಗಳಂತೆ, 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ 2,110 ಕ್ಯಾಲೊರಿ ಸಾಕು. ಮಧ್ಯಮ ಶ್ರಮದವನಿಗೆ 2,710, ಕಠಿಣ ದುಡಿಮೆಯವನಿಗೆ 3,470 ಬೇಕು. ಒಂದು ಕಿಲೋ ಬೊಜ್ಜಿನಲ್ಲಿ ಅಡಗಿರುವುದು ಸುಮಾರು 7,700 ಕ್ಯಾಲೊರಿ. ಹತ್ತು ದಿನ ಏನನ್ನೂ ತಿನ್ನದವನ ಒಟ್ಟು ವೆಚ್ಚ 21,100. ಅದಷ್ಟೂ ಬೊಜ್ಜಿನಿಂದಲೇ ಬಂದಿತೆಂದು ಹಿಡಿದರೂ ಕರಗಿದ್ದು ಎರಡೂಮುಕ್ಕಾಲು ಕಿಲೋ ಮೀರದು. ಉಳಿದ ನಾಲ್ಕು ಕಿಲೋ ಎಲ್ಲಿಯದು? ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಪಿಷ್ಟ, ಅದರೊಡನೆ ಹಿಡಿದಿಟ್ಟ ನೀರು, ಕರುಳಿನಲ್ಲಿದ್ದ ಆಹಾರ, ಸ್ವಲ್ಪ ಮಾಂಸಖಂಡ. ನೀರು ಪಾರಣೆಯ ಕೆಲವೇ ದಿನಗಳಲ್ಲಿ ಮರಳುತ್ತದೆ. ಕಳೆದುಹೋದ ಮಾಂಸಖಂಡ ಮಾತ್ರ, ದೇಹಕ್ಕೆ ವ್ಯಾಯಾಮವಿಲ್ಲದಿದ್ದರೆ, ಅಷ್ಟು ಸುಲಭವಾಗಿ ಮರಳುವುದಿಲ್ಲ. ಅಂದು ಸನ್ಮಾನಿತನಾದ ತರುಣ ಪುಷ್ಯಮಾಸದ ಹೊತ್ತಿಗೆ ಮೊದಲಿನ ತೂಕಕ್ಕೇ ಬಂದಿದ್ದ. ಅವನೇ ನನಗೆ ಹೇಳಿದ. ಈ ಸಲ ಚಪ್ಪಾಳೆ ಇರಲಿಲ್ಲ.

ತೂಕ ಬೇರೆ, ಬೊಜ್ಜು ಬೇರೆ ಎಂಬುದನ್ನೂ ತಿಳಿಯಬೇಕು. ಪುಣೆಯ ವೈದ್ಯ ಡಾ. ಯಾಜ್ಞಿಕರು ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹಗಳನ್ನೇ ಉದಾಹರಣೆಯಾಗಿಟ್ಟು ಒಂದು ಪುಟದ ಲೇಖನ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಪ್ರಮಾಣ ಇಬ್ಬರದೂ ಒಂದೇ. ಆದರೆ ಆ ವಿದೇಶೀಯರ ದೇಹದಲ್ಲಿ ಬೊಜ್ಜು ಶೇಕಡ 9.1ರಷ್ಟಿದ್ದರೆ, ನಮ್ಮವರ ದೇಹದಲ್ಲಿ ಶೇಕಡ 21.2ರಷ್ಟಿತ್ತು. ತೆಳ್ಳಗೆ ಕಾಣುವ ಭಾರತೀಯನೂ ಒಳಗೆ ಬೊಜ್ಜು ಹೊತ್ತಿರಬಹುದು. ಆದ್ದರಿಂದ ನಮ್ಮಲ್ಲಿ ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಗೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡ 39.5 ಜನರಿಗೆ ಹೊಟ್ಟೆಯ ಬೊಜ್ಜು, ಶೇಕಡ 11.4 ಜನರಿಗೆ ಸಕ್ಕರೆ ಕಾಯಿಲೆ ಇರುವುದು ಕಂಡುಬಂದಿತು. ಮಾಂಸ ಮುಟ್ಟದ ಮಾತ್ರಕ್ಕೆ ನಾವು ಈ ಲೆಕ್ಕದ ಹೊರಗಿದ್ದೇವೆಂದು ಯಾರೂ ಭಾವಿಸಬಾರದು. ಹೋಳಿಗೆಯ ಮೇಲೆ ಸುರಿದ ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 120 ಕ್ಯಾಲೊರಿ ಇದೆ. ತುಪ್ಪಕ್ಕೆ ನಮ್ಮ ಸಮ್ಯಕ್ತ್ವ ಗೊತ್ತಾಗುವುದಿಲ್ಲ.

ಹಾಗಾದರೆ ಬೊಜ್ಜು ಬಂದುದೆಲ್ಲಿಂದ? ಒಕ್ಕಲುಮನೆಯ ಮಗ ಕಚೇರಿಯ ಕುರ್ಚಿಗೆ ಬಂದ. ಆದರೆ ಅವನ ತಟ್ಟೆ ಇನ್ನೂ ಹೊಲದಲ್ಲಿಯೇ ಇದೆ. ಉಳುವವನ ಹಸಿವಿಗೆ ಅಳೆದ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಅನ್ನ, ಮೇಲೆ ಮೊಸರು ಎಲ್ಲವೂ ಹಾಗೆಯೇ ಉಳಿದಿವೆ. ಅವುಗಳ ಜೊತೆಗೆ ಕಚೇರಿಯ ನಾಲ್ಕು ಲೋಟ ಕಾಫಿ, ಒಂದೊಂದರಲ್ಲಿ ಎರಡೆರಡು ಚಮಚ ಸಕ್ಕರೆ, ನಾಲ್ಕು ಗಂಟೆಯ ಬಜ್ಜಿ ಬೇರೆ ಸೇರಿಕೊಂಡವು. ಅವನಿಗೆ ಮೈಗಳ್ಳನೆಂಬ ಬಿರುದು ಅನ್ಯಾಯ. ದಿನವಿಡೀ ತಲೆಯಿಂದ ದುಡಿಯುತ್ತಾನೆ. ಆದರೆ ತಲೆಯ ದುಡಿಮೆಗೆ ದೇಹ ಬಹಳ ಕಡಿಮೆ ಉರುವಲು ಕೇಳುತ್ತದೆ. ಕುಳಿತಿರುವುದು ಎಂಥ ಅಪಾಯವೆಂಬುದು ಹೊಸ ಮಾತೇನೂ ಅಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗೆ, ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಿಗಿಂತ ಹೃದ್ರೋಗ ಹೆಚ್ಚೆಂದು ಜೆರೆಮಿ ಮಾರಿಸ್ ಎಂಬ ವೈದ್ಯ ಮತ್ತವರ ಸಂಗಡಿಗರು 1953ರಲ್ಲಿಯೇ ತೋರಿಸಿಕೊಟ್ಟರು. ಬಸ್ಸು ಒಂದೇ, ದಾರಿ ಒಂದೇ. ಒಬ್ಬ ಕುಳಿತಿದ್ದ, ಇನ್ನೊಬ್ಬ ನಡೆದಾಡುತ್ತಿದ್ದ.

ಈಗ ಅವಮೌದರ್ಯಕ್ಕೆ ಬರೋಣ. ಗಂಡಸಿನ ಪೂರ್ಣಾಹಾರ ಮೂವತ್ತೆರಡು ತುತ್ತು, ಹೆಂಗಸಿನದು ಇಪ್ಪತ್ತೆಂಟು ತುತ್ತು ಎಂದು ನಮ್ಮ ಆಚಾರಗ್ರಂಥಗಳು ಎಣಿಸುತ್ತವೆ. ಅದಕ್ಕಿಂತ ಒಂದು ತುತ್ತು ಕಡಿಮೆ ಉಂಡರೂ ಅವಮೌದರ್ಯವೇ. ಈ ಎಣಿಕೆ ಮುನಿಗಳಿಗೆ ಹೇಳಿದ್ದಾದರೂ ಗೃಹಸ್ಥನಿಗೂ ಅದು ಒಳ್ಳೆಯ ಅಳತೆಗೋಲು. ಮೇಲೆ ಹೇಳಿದ ಅಂಕಿಗಳನ್ನು ಇದಕ್ಕೆ ಹೊಂದಿಸಿ ನೋಡಿ. ಮಧ್ಯಮ ಶ್ರಮದಿಂದ ಕುರ್ಚಿಗೆ ಬಂದವನ ಅಗತ್ಯ 2,710ರಿಂದ 2,110ಕ್ಕೆ ಇಳಿಯಿತು. ಮೂವತ್ತೆರಡು ತುತ್ತು ಉಣ್ಣುತ್ತಿದ್ದವನು ಇಪ್ಪತ್ತೈದಕ್ಕೆ ನಿಲ್ಲಿಸಿದರೆ ಲೆಕ್ಕ ಸರಿಹೋಗುತ್ತದೆ. ಏಳು ತುತ್ತು! ನಮ್ಮ ಮನೆಗಳನ್ನು ಕಾಡುತ್ತಿರುವ ಬೊಜ್ಜಿನ ಸಮಸ್ಯೆಯ ಬಹುಭಾಗ ಈ ಏಳು ತುತ್ತಿನಲ್ಲಿದೆ. ಈಗಾಗಲೇ ಸೇರಿರುವ ಬೊಜ್ಜನ್ನು ಕರಗಿಸಬೇಕಾದವನು ಇನ್ನೂ ಮೂರು ತುತ್ತು ಬಿಡಲಿ. ಅದು ದಿನಕ್ಕೆ ಸುಮಾರು 250 ಕ್ಯಾಲೊರಿಯಾಗಿ, ಲೆಕ್ಕಕ್ಕೆ ತಿಂಗಳಿಗೊಂದು ಕಿಲೋ ಇಳಿಯಬೇಕು. ದೇಹ ತನ್ನ ವೆಚ್ಚವನ್ನೂ ತಗ್ಗಿಸಿಕೊಳ್ಳುವುದರಿಂದ ನಿಜದಲ್ಲಿ ತುಸು ಕಡಿಮೆಯೇ ಇಳಿಯುತ್ತದೆ. ಇದು ಸಭೆಯಲ್ಲಿ ಹೇಳಿಕೊಳ್ಳುವಂಥ ಅಂಕಿಯಲ್ಲ. ಆದರೆ ವರ್ಷದ ಕೊನೆಗೆ ಉಳಿಯುವ ಅಂಕಿ.

ಯಾವ ತುತ್ತನ್ನು ಬಿಡಬೇಕೆಂಬುದಕ್ಕೂ ದಾರಿ ಸಿದ್ಧವಾಗಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಷಡ್ರಸಗಳಲ್ಲಿ ಒಂದನ್ನೋ ಎರಡನ್ನೋ ಬಿಡುವುದು ರಸಪರಿತ್ಯಾಗ. ಕಚೇರಿಯ ನೌಕರನು ಸಕ್ಕರೆ ಬೆಲ್ಲಗಳನ್ನೂ ಕರಿದ ಎಣ್ಣೆಯನ್ನೂ ವಾರದಲ್ಲಿ ಐದು ದಿನ ಬಿಡಲಿ; ಬೇಳೆ, ಕಾಳು, ಮಜ್ಜಿಗೆಗಳನ್ನು ಬಿಡದಿರಲಿ, ಮಾಂಸಖಂಡ ಉಳಿಯಲು ಅವು ಬೇಕು. ವೃತ್ತಿಪರಿಸಂಖ್ಯಾನವು ಆಹಾರಕ್ಕೆ ಹೊರಡುವ ಮುನಿಯು ಮನೆ ಮೊದಲಾದವುಗಳ ಬಗ್ಗೆ ಸಂಕಲ್ಪಿಸುವ ಕಟ್ಟುಪಾಡು. ಅದರ ಛಾಯೆಯನ್ನು ಹಿಡಿದು ಗೃಹಸ್ಥನೂ, "ಇಂದು ಮನೆಯ ಬುತ್ತಿಯ ಹೊರತು ಬೇರೇನನ್ನೂ ಮುಟ್ಟೆ" ಎಂದು ಬೆಳಿಗ್ಗೆಯೇ ನಿಶ್ಚಯಿಸಬಹುದು. ಮೇಜಿಗೆ ಬರುವ ಬಿಸ್ಕತ್ತಿನ ತಟ್ಟೆಯ ಮುಂದೆ ಆ ನಿಶ್ಚಯ ನೂರು ಉಪದೇಶಗಳಿಗಿಂತ ಬಲವಾದುದು.

"ಕಚೇರಿಯಿಂದ ಮನೆ ಸೇರುವುದೇ ರಾತ್ರಿ ಎಂಟಕ್ಕೆ, ನಿಯಮ ಪಾಲಿಸುವುದು ಹೇಗೆ?" ಎನ್ನುವವರಿದ್ದಾರೆ. ಬೆಂಗಳೂರಿನಲ್ಲಿ ನವೆಂಬರಿನಲ್ಲಿ ಆರಕ್ಕೆ ಮೊದಲೇ ಸೂರ್ಯಾಸ್ತ. ಜುಲೈಯಲ್ಲಿ ಆರೂಮುಕ್ಕಾಲರ ನಂತರ. ಸಂಜೆಗೊಂದು ಸಣ್ಣ ಬುತ್ತಿ ಒಯ್ದು ಐದೂವರೆಗೆ ಹತ್ತು ನಿಮಿಷ ಎದ್ದುಹೋಗಿ ಉಣ್ಣಲು ಯಾವ ಮೇಲಧಿಕಾರಿಯೂ ಅಡ್ಡಿಮಾಡಲಾರ. ಕಾಫಿಗೆ ಅಷ್ಟು ಹೊತ್ತು ಎಲ್ಲರೂ ಎದ್ದುಹೋಗುತ್ತಾರೆ. ಇನ್ನು ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಹೆಚ್ಚೇನಲ್ಲ, ದಿನಕ್ಕೆ ಇಪ್ಪತ್ತೆರಡು ನಿಮಿಷ. ನೂರಾರು ಮೈಲಿ ಪಾದವಿಹಾರ ಮಾಡಿ ಊರಿಗೆ ಬರುವ ಮುನಿಗಳನ್ನು ಊರ ಬಾಗಿಲಲ್ಲಿ ಎದುರ್ಗೊಳ್ಳಲು ನಾವು ಕಾರಿನಲ್ಲಿ ಹೋಗುತ್ತೇವೆ. ಅರ್ಧ ಮೈಲಿ ದೂರದ ಬಸದಿಗೂ ವಾಹನವೇ ಬೇಕು. ನೆಲ ನೋಡಿ, ಜೀವಿಗಳನ್ನು ತಪ್ಪಿಸಿ ನಡೆಯುವುದು ಈರ್ಯಾಸಮಿತಿ; ನಡೆಯದವನಿಗೆ ಅದರ ಅಭ್ಯಾಸವಾದರೂ ಎಲ್ಲಿಂದ ಬರಬೇಕು?

ದಪ್ಪಗಿರುವವರನ್ನು ಹಳಿಯಲು ಈ ಮಾತುಗಳನ್ನು ಯಾರೂ ಬಳಸಬಾರದು. ದೇಹದ ಕಟ್ಟು ನಾಮಕರ್ಮದ ಫಲವೆಂದು ನಂಬುವ ನಾವು ಒಬ್ಬರ ಮೈಕಟ್ಟನ್ನು ನೋಡಿ ನಗುವುದು ಅಜ್ಞಾನ. ವಂಶ, ಕಾಯಿಲೆ, ಔಷಧ, ಹೆರಿಗೆ ಇವೆಲ್ಲವೂ ಬೊಜ್ಜಿಗೆ ಕಾರಣವಾಗುತ್ತವೆ. ಹೊರಗಿನಿಂದ ನೋಡಿ ಸಂಯಮವನ್ನು ಅಳೆಯಲಾಗದು. ನನ್ನ ವಾದ ಯಾರ ಮೈಯ ವಿರುದ್ಧವೂ ಅಲ್ಲ, ನಮ್ಮೆಲ್ಲರ ಎಲೆಯ ವಿರುದ್ಧ.

ಆ ಎಲೆಯನ್ನು ಹಾಸುವವರು ಬಸದಿಗಳ ಆಡಳಿತ ಮಂಡಳಿಯವರು. ಅವರಲ್ಲಿ ನನ್ನದು ಐದು ಬಿನ್ನಹಗಳು. ಉಪವಾಸ ಮಾಡಿದವರನ್ನು ಗೌರವಿಸಿರಿ, ಆದರೆ ಇಳಿದ ತೂಕವನ್ನು ವೇದಿಕೆಯಲ್ಲಿ ಹೇಳಲು ಅವಕಾಶ ಕೊಡಬೇಡಿರಿ. ಪಾರಣೆ ಮತ್ತು ಪ್ರತಿಷ್ಠೆಯ ಊಟಗಳಲ್ಲಿ ನಾಲ್ಕು ಸಿಹಿಗಳ ಬದಲು ಒಂದನ್ನಿಡಿರಿ. ದಾನಿಗಳು ಒಪ್ಪದಿದ್ದರೆ ಉಳಿದ ಮೂರರ ಹಣವನ್ನು ಶಾಸ್ತ್ರದಾನಕ್ಕೂ ಔಷಧದಾನಕ್ಕೂ ಬರೆದುಕೊಳ್ಳಿರಿ. "ಇನ್ನೊಂದು, ಇನ್ನೊಂದು" ಎಂದು ಒತ್ತಾಯಿಸಿ ಬಡಿಸುವ ಪದ್ಧತಿಯನ್ನು ನಿಲ್ಲಿಸಿರಿ. ಬೇಡವೆಂದವನ ಎಲೆಗೆ ಹೋಳಿಗೆ ಹಾಕುವುದು ಅತಿಥಿಸತ್ಕಾರವಲ್ಲ, ಅವನ ಸಂಯಮವನ್ನು ಮುರಿಯುವುದು. ಪರ್ವದ ದಿನಗಳಲ್ಲಿ ಏಕಭುಕ್ತ, ಅವಮೌದರ್ಯ, ರಸಪರಿತ್ಯಾಗಗಳ ನಿಯಮ ಹಿಡಿದವರಿಗೂ ಉಪವಾಸದವರಷ್ಟೇ ಆದರ ತೋರಿಸಿರಿ. ಕೊನೆಯದಾಗಿ, ಸಕ್ಕರೆ ಕಾಯಿಲೆಗೆ ಇನ್‌ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯದಂತೆ ಮೊದಲ ದಿನವೇ ತಿಳಿಸಿರಿ. ರಕ್ತದ ಸಕ್ಕರೆ ತೀರ ಇಳಿದರೆ ಎಚ್ಚರ ತಪ್ಪಿ ಪ್ರಾಣಕ್ಕೇ ಕುತ್ತು ಬರಬಹುದು. ಮುಂದಿನ ಸಾಲಿನಲ್ಲಿ ಕುಳಿತವರು ಏನೆಂದಾರೋ ಎಂಬ ನಾಚಿಕೆಯಿಂದ ಹಸಿದು ಕುಳಿತ ವೃದ್ಧರನ್ನು ನಾನು ಕಂಡಿದ್ದೇನೆ. ಶಕ್ತಿಗೆ ತಕ್ಕಂತೆ ತಪಸ್ಸು ಮಾಡಬೇಕೆಂಬುದು ಷೋಡಶಕಾರಣ ಭಾವನೆಗಳಲ್ಲಿ ಒಂದಾಗಿದೆ ಎಂಬುದನ್ನು ಅವರಿಗೆ ಹೇಳುವವರು ಬೇಕು.

ಯುವಕರನ್ನು ಧರ್ಮಕ್ಕೆ ಸೆಳೆಯಲು ಬೊಜ್ಜಿನ ಮಾತು ಒಳ್ಳೆಯ ನೆಪವೆಂದು ಕೆಲವು ಹಿರಿಯರು ನನ್ನೊಡನೆ ವಾದಿಸಿದ್ದುಂಟು. ನೆಪದಿಂದ ಬಂದವರು ನೆಪ ಮುಗಿದ ಕೂಡಲೆ ಹೋಗುತ್ತಾರೆ. ಬೊಜ್ಜು ಇಳಿದ ದಿನ ಅವರಿಗೆ ಉಪವಾಸ ಬೇಡವಾಗುತ್ತದೆ. ಇಳಿಯದಿದ್ದರೆ ಧರ್ಮವೇ ಸುಳ್ಳೆನಿಸುತ್ತದೆ. ಅದರ ಬದಲು ಅವರಿಗೆ ನೇರವಾಗಿ ಹೇಳೋಣ: ನಿಮ್ಮ ಕುರ್ಚಿಯ ಬದುಕಿಗೆ ಬೇಕಾದದ್ದು ಪ್ರತಿದಿನದ ಏಳು ತುತ್ತಿನ ಸಂಯಮ ಮತ್ತು ಅರ್ಧ ಗಂಟೆಯ ನಡಿಗೆ, ಅದನ್ನು ಯಾರೂ ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ. ಉಪವಾಸವನ್ನು ಮಾತ್ರ ಆತ್ಮಕ್ಕಾಗಿ ಉಳಿಸಿಕೊಳ್ಳಿ.

ಇನ್ನೊಂದು ಭಾದ್ರಪದ ಬರುತ್ತದೆ. ಆ ತರುಣ ಈ ಬಾರಿ ಹತ್ತು ದಿನದ ಉಪವಾಸ ಮಾಡುವುದಿಲ್ಲವೆಂದೂ, ಚತುರ್ದಶಿಯೊಂದು ದಿನ ಮಾತ್ರ ಪೂರ್ಣ ಪ್ರೋಷಧೋಪವಾಸವಿದ್ದು ದಿನವನ್ನೆಲ್ಲ ಸ್ವಾಧ್ಯಾಯದಲ್ಲಿ ಕಳೆಯುವನೆಂದೂ ನನಗೆ ತಿಳಿಸಿದ್ದಾನೆ. ಮನೆಯಲ್ಲಿದ್ದ ತಕ್ಕಡಿಯನ್ನು ಆ ದಿನ ಮಂಚದ ಕೆಳಗೆ ಸರಿಸಿಡುವನಂತೆ. ಅವನಿಗೆ ಯಾರೂ ಶಾಲು ಹೊದಿಸುವುದಿಲ್ಲ. ನಾನು ಮನಸ್ಸಿನಲ್ಲಿಯೇ ಅನುಮೋದಿಸುತ್ತೇನೆ.